ಒಂದು ಗೇಣು ಬಲಕ್ಕೆ

ಅಫಜಲಪುರ ದಾಟಿ ಭೀಮಾ ನದಿಯ ದಂಡೆಗುಂಟ ನಾಲ್ಕು ಹರದಾರಿ ನಡೆದರೆ ಸಿಗುವ ಊರಿನಲ್ಲಿ ಹುಲೆಪ್ಪ ಎಂಬ ಹೊಲ ಕಾಯುವವನಿದ್ದ. ಒಂದು ಗುಂಟೆ ಭೂಮಿ ಇಲ್ಲ, ಒಂದಕ್ಷರ ಓದು ಇಲ್ಲ. ಆದರೂ ಅವನ ಹೆಸರು ಸರಕಾರದ ಪುಸ್ತಕದಲ್ಲಿತ್ತು. ರೇಷನ್ ಕಾರ್ಡಿನ ಮಾತಲ್ಲ ಇದು, ಅದು ಯಾರಿಗಿಲ್ಲ? ದೌಲತರಾಯ ಗೌಡರ ರೈಫಲ್ಲಿನ ಲೈಸೆನ್ಸ್ ಪುಸ್ತಕದಲ್ಲಿ, ಗೌಡರ ಹೆಸರಿನ ಕೆಳಗೆ, ಈ ಬಂದೂಕನ್ನು ಇವನೂ ಹಿಡಿಯಬಹುದು ಎಂದು ಸಹಿ ಶಿಕ್ಕಾ ಸಮೇತ ಬರೆದಿತ್ತು. ಗೌಡರಿಗೆ ಮೂವರು ತಮ್ಮಂದಿರು, ಇಬ್ಬರು ಅಳಿಯಂದಿರು. ಅವರಲ್ಲಿ ಒಬ್ಬರ ಹೆಸರೂ ಅಲ್ಲಿರಲಿಲ್ಲ, ನೋಡಿ! ಇದ್ದದ್ದು ಹುಲೆಪ್ಪನದು. ಗೌಡರು ಯಾವಾಗಲಾದರೂ ಪುಸ್ತಕ ಹೊರಗೆ ತೆಗೆದರೆ, ಓದಲು ಬಾರದ ಹುಲೆಪ್ಪ ತನ್ನ ಹೆಸರಿನ ಸಾಲಿನ ಮೇಲೆ ಸರಿಯಾಗಿ ಬೆರಳಿಟ್ಟು ತೋರಿಸುತ್ತಿದ್ದ.

ಆ ರೈಫಲ್ ಬಂದದ್ದು ಎಪ್ಪತ್ತೊಂಬತ್ತರ ಕೊನೆಗೆ. ಅದಕ್ಕೂ ಮೊದಲು ಗೌಡರ ಮನೆಯಲ್ಲಿ ಬಾಯಿಯಿಂದ ಮದ್ದು ತುಂಬುವ ಒಂದು ನಾಡ ಬಂದೂಕಿತ್ತು. ಊರ ಕಮ್ಮಾರನ ಕೈಯಲ್ಲಿ ಹುಟ್ಟಿದ್ದು. ಒಂದು ದಿನ ಮೇಲಕ್ಕೆ ಹೊಡೆಯುವುದು, ಇನ್ನೊಂದು ದಿನ ಕೆಳಕ್ಕೆ. ಮಳೆ ಮೋಡ ಕಂಡರೆ ಹೊಡೆಯುವುದೇ ಇಲ್ಲ. ಹುಲೆಪ್ಪ ಅದರ ಸಿಟ್ಟು ಸೆಡವನ್ನೆಲ್ಲ ಕಲಿತು ಹೇಗೋ ಕಾಲ ತಳ್ಳಿದ್ದ. ಆದರೆ ನದಿ ದಂಡೆಗೆ ಕಬ್ಬು ಬಂದ ಮೇಲೆ ಕಾಡುಹಂದಿಗಳೂ ಬಂದವು. ಕಬ್ಬಿನೊಳಗೆ ಮನೆ ಮಾಡಿಕೊಂಡು, ನಸುಕಿನಲ್ಲಿ ಹೊರಬಿದ್ದು ಶೇಂಗಾದ ಹೊಲವನ್ನು ನೇಗಿಲು ಹೊಡೆದಂತೆ ಕಿತ್ತು ಹಾಕುತ್ತಿದ್ದವು. ಗೌಡರು ಕಚೇರಿಗಳಿಗೆ ತಿರುಗಿ ತಿರುಗಿ ಹಂದಿ ಹೊಡೆಯಲು ಪರವಾನಿಗೆಯನ್ನೂ, ಬೆಳೆ ಕಾಯಲು ಹೊಸ ರೈಫಲ್ಲಿನ ಲೈಸೆನ್ಸನ್ನೂ ಪಡೆದರು. ತಮಗೆ ಕನ್ನಡಕ ಬಂದಿತ್ತು. ಹೊಡೆಯುವವನು ಹುಲೆಪ್ಪನೇ ಎಂದು ಅವನ ಹೆಸರನ್ನೂ ಬರೆಸಿದರು.

ಗುಲಬರ್ಗಾದ ಅಂಗಡಿಯಲ್ಲಿ ಬಂದೂಕು ಮಾರುವ ಬುರಾನುದ್ದೀನ ಸಾಹೇಬರು ಅದನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟಾಗ ಹುಲೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟು ಚಂದ ಇತ್ತು. ಕಪ್ಪು ನಳಿಕೆ, ಕೆಂಪು ಛಾಯೆಯ ಕಟ್ಟಿಗೆ, ಎಲ್ಲೂ ಒಂದು ಸುತ್ತಿಗೆಯ ಗುರುತಿಲ್ಲ.

"ಗೌಡ ಸಾಬ್, ಇದು ಕಾರ್ಖಾನಿ ಮಾಲು," ಎಂದರು ಬುರಾನುದ್ದೀನ. "ನೂರು ರೈಫಲ್ ತಗದು ನೋಡ್ರಿ, ನೂರೂ ಒಂದೇ ನಮೂನಿ. ಇದು ಸುಳ್ಳು ಹೇಳಂಗಿಲ್ಲ. ಒಂದು ಮಾತು ನೆಪ್ಪಿಟ್ಕೋರಿ. ಕಬ್ಬಿಣಕ್ಕ ಕಟ್ಟಿಗಿ ಆಸರ ಕೊಡಬೇಕು, ಒತ್ತಬಾರದು." ಹೀಗೆಂದು ಒಂದು ಕಾಗದದ ಚೀಟಿಯನ್ನು ನಳಿಕೆ ಮತ್ತು ಕಟ್ಟಿಗೆಯ ನಡುವಿನ ಸಂದಿಯಲ್ಲಿ ತೂರಿಸಿ, ತುದಿಯಿಂದ ಹಿಂದಕ್ಕೆ ಸರ್ರನೆ ಎಳೆದರು. "ಚೀಟಿ ಹಿಂಗ ಸಲೀಸ ಓಡೋತನಕ ಬೇಫಿಕರ್ ಇರ್ರಿ."

ಹುಲೆಪ್ಪ ತಲೆಯಾಡಿಸಿದ. ಅಂದು ಅವನ ಕಿವಿ ಅಲ್ಲಿರಲಿಲ್ಲ, ಕಣ್ಣೆಲ್ಲ ರೈಫಲ್ಲಿನ ಮೇಲಿತ್ತು.

ಊರಿಗೆ ಬಂದು ಮೊದಲ ದಿನವೇ ನದಿಯ ಒಡ್ಡಿಗೆ ಆನಿಸಿ ಒಂದು ಹಳೆಯ ಬಾಗಿಲ ಹಲಗೆ ನಿಲ್ಲಿಸಿದ. ಅದರ ನಡುವೆ ಡಾಲ್ಡಾ ಡಬ್ಬಿಯ ಮುಚ್ಚಳ ಹೊಡೆದ. ನೂರು ಹೆಜ್ಜೆ ಎಣಿಸಿಕೊಂಡು ಬಂದು, ಮಣ್ಣಿನ ಮೇಲೆ ಬೋರಲು ಮಲಗಿ ಮೂರು ಗುಂಡು ಹಾರಿಸಿದ. ಮೂರೂ ಮುಚ್ಚಳದಲ್ಲಿ! ಹುಲೆಪ್ಪ ಎದ್ದು ಹೋಗಿ ಆ ಮೂರು ತೂತಿನಲ್ಲಿ ಬೆರಳಾಡಿಸಿ ನೋಡಿದ. ಇಷ್ಟು ವರ್ಷ ಸುಳ್ಳುಗಾರನ ಸಂಗಡ ಬಾಳ್ವೆ ಮಾಡಿದ್ದವನಿಗೆ ಈಗ ನಂಬಿಗಸ್ಥನೊಬ್ಬ ಸಿಕ್ಕಿದ್ದ. 

ಅಲ್ಲಿಂದ ಮುಂದೆ ಅವನ ಆರೈಕೆ ನೋಡಬೇಕಿತ್ತು. ತುಕ್ಕು ಹಿಡಿಯದಂತೆ ದಿನಕ್ಕೊಮ್ಮೆ ಎಣ್ಣೆಯ ಬಟ್ಟೆ. ಮಳೆ ಹನಿಯಿತೋ, ತನ್ನ ತಲೆಯ ಮೇಲಿನ ಗೊಬ್ಬರದ ಚೀಲದ ಕೊಪ್ಪೆ ತೆಗೆದು ರೈಫಲ್ಲಿಗೆ ಹೊದಿಸಿ ತಾನು ತೊಯ್ಯುತ್ತ ಬರುತ್ತಿದ್ದ.

"ನನಗ ಒಂದಿನಾರ ಹಿಂಗ ಹೊಚ್ಚೀಯೇನು?" ಎಂದು ಹೆಂಡತಿ ಸಾಬವ್ವ ಕೇಳಿದರೆ, "ನಿನಗ ಜಂಗ ಹಿಡೀತದೇನು ಬೇ?" ಎನ್ನುತ್ತಿದ್ದ.

ಎರಡು ವರ್ಷ ಹುಲೆಪ್ಪನ ಗುಂಡು ಒಂದೂ ನೆಲಕ್ಕೆ ಬೀಳಲಿಲ್ಲ. ಗೌಡರ ಶೇಂಗಾ ಉಳಿಯಿತು, ಪಕ್ಕದ ಹೊಲದ ಅಣ್ಣಾರಾಯನ ಶೇಂಗಾವೂ ಉಳಿಯಿತು. ನಿಂಬರ್ಗಾದ ಕಡೆಯಿಂದ ಬಂದ ಬೀಗರೂ ಒಡ್ಡಿನ ಹತ್ತಿರ ಹೋಗಿ ಆ ಮುಚ್ಚಳ ನೋಡಿ ಬರುತ್ತಿದ್ದರು. ಹುಲೆಪ್ಪ ಮೀಸೆ ಬಿಟ್ಟ. ಬಿಡದೇ ಏನು ಮಾಡಿಯಾನು?

ಎಂಬತ್ತೊಂದರ ದಸರೆ ಮುಗಿದ ವಾರ ಅವನ ಗುಂಡು ತಪ್ಪಿತು. ತೊಂಬತ್ತು ಹೆಜ್ಜೆಯಲ್ಲಿ ಎದುರಿಗೆ ಮುಖ ಮಾಡಿ ನಿಂತಿದ್ದ ಹಂದಿ, ಗುಂಡಿನ ಸದ್ದಿಗೆ ತಲೆಯೆತ್ತಿ ನೋಡಿ, ಕಬ್ಬಿನೊಳಗೆ ನಡೆದೇ ಹೋಯಿತು. ಓಡುವ ಮರ್ಯಾದೆಯನ್ನೂ ಕೊಡಲಿಲ್ಲ. ಮರುದಿನವೂ ಅದೇ ಹಾಡು. ಹುಲೆಪ್ಪ ಮೊದಲು ತನ್ನನ್ನೇ ಬೈದುಕೊಂಡ. ತಂಬಾಕು ಬಿಟ್ಟ. ಸಾಬವ್ವನ ಕೈಯಿಂದ ಸೂಜಿ ಕಸಿದು ಬಾಗಿಲ ಬೆಳಕಿಗೆ ಹಿಡಿದು ದಾರ ಪೋಣಿಸಿದ. ಒಂದೇ ಸಲಕ್ಕೆ ಹೋಯಿತು. ಕಣ್ಣು ಸರಿಯಿದೆ. ಕೈ ಚಾಚಿ ಬೆರಳು ನೋಡಿದ, ನಡುಗುತ್ತಿಲ್ಲ. ಹಾಗಿದ್ದರೆ? ತಿಂಗಳುಗಟ್ಟಲೆ ಇದೇ ನಡೆಯಿತು. ಊರಿನವರು ಹಲ್ಲು ಕಿಸಿಯತೊಡಗಿದರು. ಬೇಸಿಗೆ ಬಂತು, ಯುಗಾದಿ ಮುಗಿಯಿತು. ಹುಲೆಪ್ಪ ಹೆದರುತ್ತಲೇ ಮತ್ತೆ ಮುಚ್ಚಳಕ್ಕೆ ಮೂರು ಗುಂಡು ಹೊಡೆದ. ಮೂರೂ ಒಳಗೆ! ಅವನಿಗೆ ತಲೆ ಕೆಟ್ಟು ಹೋಯಿತು. ಆದರೂ ಗ್ರಹಚಾರ ಕಳೆಯಿತು ಎಂದುಕೊಂಡ.

ಕಳೆದಿರಲಿಲ್ಲ. ಎಂಬತ್ತೆರಡರ ದಸರೆಯಾಗಿ ಮೂರನೆಯ ದಿನ, ಬೆಳ್ಳಂಬೆಳಗ್ಗೆ, ಹುಲೆಪ್ಪನ ಗುಂಡು ಹಂದಿಯನ್ನು ಬಿಟ್ಟು ಅಣ್ಣಾರಾಯನ ಇಂಜಿನ್ನಿನ ಪೈಪಿಗೆ ಹೊಡೆಯಿತು. ನೀರು ಆಳೆತ್ತರ ಚಿಮ್ಮಿತು. ಅಣ್ಣಾರಾಯನ ಹೆಂಡತಿ ಗೌರಾಬಾಯಿ ಕೊಡ ತುಂಬಿಕೊಂಡು ಆಗಷ್ಟೇ ಅಲ್ಲಿಂದ ಗಿಡದ ಮರೆಯ ದಾರಿಗೆ ಇಳಿದಿದ್ದಳು. ಕೊಡ ಎತ್ತಿ ಹಾಕಿ ಕೂಗಿಕೊಂಡಳು. ಆ ಪೈಪು ಹುಲೆಪ್ಪ ಇಟ್ಟ ಗುರಿಯಿಂದ ಬಲಕ್ಕೆ ಒಂದು ಗೇಣು ಆಚೆ, ಹತ್ತು ಮಾರು ಹಿಂದೆ ಇತ್ತು. ಅಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡೇ ಹೊಡೆದಿದ್ದ. ಆದರೂ ಅಷ್ಟು ಸಮೀಪದಲ್ಲಿ ಹೆಣ್ಣುಮಗಳೊಬ್ಬಳು ಇದ್ದಳಲ್ಲ ಎಂದು ಅವನಿಗೆ ನಿಂತಲ್ಲೇ ಕಣ್ಣೀರು ಬಂತು.

ಅಣ್ಣಾರಾಯ ಗೌಡರ ಅಂಗಳಕ್ಕೆ ಬಂದು ಬಾಯಿಗೆ ಬಂದಂತೆ ಕೂಗಾಡಿದ. "ಇವತ್ತು ಪೈಪು, ನಾಳಿಗಿ ನನ್ನ ಹೇಣ್ತಿ! ಕುಡುಕನ ಕೈಯಾಗ ರೈಫಲ್ ಕೊಟ್ಟೀರಿ ಗೌಡ್ರ!"

"ನಾ ಕುಡಿಯಂಗಿಲ್ಲರಿ," ಎಂದ ಹುಲೆಪ್ಪ.

ದೌಲತರಾಯರು ಕೆಟ್ಟವರಲ್ಲ. ಆದರೆ ಕಾಗದ ಪತ್ರದ ಮನುಷ್ಯರು. ಕಾರ್ಖಾನೆಯಿಂದ ಶಿಕ್ಕಾ ಹೊಡೆಸಿಕೊಂಡು ಬಂದ ವಸ್ತು ತಪ್ಪುತ್ತದೆ ಎಂದರೆ ಅವರು ಹೇಗೆ ನಂಬಿಯಾರು?

"ಹುಲೆಪ್ಪಾ, ಮಶೀನದಾಗ ತಯಾರಾದ ರೈಫಲ್ ಅದು. ಅದಕ್ಕ ದುಃಖಿಲ್ಲ, ನಿದ್ದಿಗೇಡಿಲ್ಲ, ಸೆರಿ ಇಲ್ಲ. ತಪ್ಪಿದ್ರ ಹಿಡ್ದ ಕೈ ತಪ್ಪಿರಬೇಕು. ದೀಪಾವಳಿ ಅಮಾಸಿ ಆದ ಮ್ಯಾಲ ಅಫಜಲಪುರಕ್ಕ ಹೋಗಿ ಅರ್ಜಿ ಕೊಡ್ತೇನಿ. ನಿನ್ನ ಹೆಸರು ತಗಸ್ತೇನಿ."

ಅಮಾವಾಸ್ಯೆಗೆ ಹದಿನಾರು ಹದಿನೇಳು ದಿನವಿತ್ತು. ಕೂಲಿ ಬೇರೆ ಎಲ್ಲಾದರೂ ಸಿಗುತ್ತಿತ್ತು. ಆದರೆ ಆ ಹೆಸರು? ಸರಕಾರ ಒಂದು ಸಲ ಬರೆದದ್ದನ್ನು ಕೆಂಪು ಗೆರೆ ಎಳೆದು ಹೊಡೆದು ಹಾಕಿದರೆ ಹುಲೆಪ್ಪ ಊರಿನಲ್ಲಿ ಯಾವ ಮುಖ ಎತ್ತಿಕೊಂಡು ತಿರುಗಬೇಕು? ಮನೆಗೆ ಬಂದವನು ಊಟದ ಮುಂದೆ ಕುಳಿತು ರೊಟ್ಟಿ ಮುರಿಯುವುದನ್ನೇ ಮರೆತ.

"ರೈಫಲ್ ಅದೇ. ಗುಂಡು ಅದೇ. ಕೈ ನಂದೇ," ಎಂದು ಹೆಂಡತಿಯ ಮುಂದೆ ಗೊಣಗಿದ. "ಯುಗಾದಿಗಿ ಸರಿ ಹೊಡೀತದ, ದಸರೆಗಿ ತಪ್ಪತದ. ನಡುವ ಏನಾತು? ವರ್ಷೆಲ್ಲಾ ನನ್ನ ಬಗಲಾಗೇ ಇರ್ತದಲ್ಲ ಬೇ."

"ವರ್ಷೆಲ್ಲಾ ಎಲ್ಲಿ ಇರ್ತದ?" ಎಂದಳು ಸಾಬವ್ವ ಸಾರು ಬಡಿಸುತ್ತ. "ನವರಾತ್ರಿಗಿ ಒಂಬತ್ತು ದಿನ ಗೌಡ್ರ ದೇವರ ಕ್ವಾಣ್ಯಾಗ ಕುಂತಿರ್ತದಲ್ಲ, ಮದುಮಗನಂಗ."

ಅದು ನಿಜ. ನವರಾತ್ರಿಯ ಮೊದಲ ದಿನ, ಘಟ್ಟ ಹಾಕಿದೊಡನೆ, ಗೌಡರ ತಾಯಿ ಕಸ್ತೂರಿಬಾಯಿ ರೈಫಲ್ಲನ್ನು ದೇವರ ಕೋಣೆಗೆ ಒಯ್ಯುವರು, ಆಯುಧಗಳಿಗೆ ಖಂಡೆ ಪೂಜೆ ಮುಗಿಸಿ ಬನ್ನಿ ಹಬ್ಬದ ದಿನ ಒರೆಸಿ ಹೊರಗೆ ಕೊಡುವರು. ಆ ಕೋಣೆಯ ಮಾತಿರಲಿ, ಅದರ ಮುಂದಿನ ಪಡಸಾಲೆಯ ಹೊಸ್ತಿಲನ್ನೂ ಹುಲೆಪ್ಪನ ಜನ ದಾಟುವಂತಿರಲಿಲ್ಲ. ಒಳಗೆ ಏನು ನಡೆಯುತ್ತದೆಂದು ಅವನು ಕೇಳಿದವನೂ ಅಲ್ಲ. ವಿಭೂತಿ ಹಚ್ಚುತ್ತಾರೆ, ಹೂವಿಡುತ್ತಾರೆ, ಇನ್ನೇನು?

"ಹೂವಷ್ಟೇ ಏನು!" ಸಾಬವ್ವ ನಕ್ಕಳು. ಅವಳು ಗೌಡರ ಹಿತ್ತಲು ಗುಡಿಸುವವಳು. "ಹ್ವಾದ ವರ್ಷದಿಂದ ಆ ಒಂಬತ್ತೂ ದಿನ ದೇವರ ಕ್ವಾಣಿ ಮೋರಿ ಮಧ್ಯಾಹ್ನದ ತನಕ ಬೆಳ್ಳಗ ಹರೀತದ. ಹಾಲು, ಮಸರು, ಸಕ್ರಿ ನೀರು, ಟೆಂಗಿನ ನೀರು. ಒಳಗಿನ ಕೆಲಸದ ಗಂಗುಬಾಯಿ ಹೇಳ್ತಿದ್ಲು, ಹೊಲದ ಲಕ್ಷ್ಮಿ ಉಳಿಸಿಕೊಟ್ಟ ಬಂದೂಕಂತ, ಮುದುಕಿ ದಿನಾ ಅದಕ್ಕ ಅಭಿಷೇಕ ಮಾಡತಾಳಂತ. ನಮ್ಮ ಮಕ್ಕಳು ಅಷ್ಟು ಹಾಲು ಕಂಡಿಲ್ಲ ನೋಡು!"

ಹುಲೆಪ್ಪನ ಕೈಯ ರೊಟ್ಟಿ ತಟ್ಟೆಗೆ ಬಿತ್ತು. ಬುರಾನುದ್ದೀನ ಸಾಹೇಬರ ಚೀಟಿ ಅವನ ಕಣ್ಣ ಮುಂದೆ ಬಂತು. ಊಟ ಬಿಟ್ಟೆದ್ದು ಗೌಡರ ಮನೆಗೆ ಹೋದ. ತಲಬಾಗಿಲ ಗೂಟಕ್ಕೆ ತೂಗುಬಿಟ್ಟಿದ್ದ ರೈಫಲ್ಲಿನ ಹತ್ತಿರ, ಎಣ್ಣೆ ಒರೆಸುವ ನೆಪದಲ್ಲಿ ನಿಂತ. ಅಲ್ಲೇ ಬಿದ್ದಿದ್ದ ಬೀಡಿ ಕಟ್ಟಿನ ಕಾಗದ ಹರಿದು ಸಂದಿಯಲ್ಲಿ ತೂರಿಸಿದ. ಒಂದು ಬೆರಳಿನಷ್ಟು ಹೋಗಿ ನಿಂತಿತು. ಎಡಗಡೆಯಿಂದ ನೋಡಿದರೆ ಸಂದಿಯೇ ಇಲ್ಲ. ಕಟ್ಟಿಗೆ ಉಬ್ಬಿ ನಳಿಕೆಗೆ ಅಂಟಿಕೊಂಡಿತ್ತು. ಪೂಜೆಗೆ ಅದನ್ನು ಎಡಮಗ್ಗುಲಿಗೆ ಮಲಗಿಸುತ್ತಿದ್ದಿರಬೇಕು. ಹಾಲು ನೀರೆಲ್ಲ ಇಳಿದು ಆ ಮಗ್ಗುಲಿನಲ್ಲೇ ನಿಂತಿರಬೇಕು. ಎಡದ ಕಟ್ಟಿಗೆ ಉಬ್ಬಿದರೆ ನಳಿಕೆಯನ್ನು ಎತ್ತ ತಳ್ಳುತ್ತದೆ? ಬಲಕ್ಕೆ. ಬೇಸಿಗೆಯಲ್ಲಿ ಒಣಗಿದರೆ ಬಿಡುತ್ತದೆ. ಹುಲೆಪ್ಪ ರೈಫಲ್ಲಿನ ಹಿಡಿಯ ಮೇಲೆ ಹಣೆಯಿಟ್ಟ. "ನೀ ಸುಳ್ಳು ಹೇಳಿಲ್ಲ," ಎಂದು ಮೆಲ್ಲಗೆ ಹೇಳಿದ. "ನಾನೂ ಹೇಳಿಲ್ಲ."

ಗೊತ್ತಾಯಿತು, ಸರಿ. ಹೇಳುವುದು ಹೇಗೆ? ಗೌಡರ ಮನೆಯ ಪೂಜೆಯಿಂದ ಕೆಟ್ಟಿತು ಎಂದು ಹೊಸ್ತಿಲ ಹೊರಗಿನವನೊಬ್ಬ ಬಾಯಿಬಿಟ್ಟರೆ, ಕುಡುಕ ಎಂದವರು ದೈವದ್ರೋಹಿ ಎನ್ನಲು ಎಷ್ಟು ಹೊತ್ತು? ಕಸ್ತೂರಿಬಾಯಿಗೆ ಎಪ್ಪತ್ತು ವರ್ಷ. ಆಕೆ ಕೆಮ್ಮಿದರೆ ಗೌಡರೇ ಎದ್ದು ನಿಲ್ಲುತ್ತಿದ್ದರು. ಎರಡು ದಿನ ಹುಲೆಪ್ಪ ಒಳಗೊಳಗೇ ಬೆಂದ. ಮೂರನೆಯ ದಿನ ಗೌಡರ ಮುಂದೆ ಕೈಮುಗಿದು ನಿಂತ.

"ಹೆಸರು ತಗಸೋಕ ಮೊದಲ ಮೂರು ಗುಂಡು ಕೊಡ್ರಿ. ಊರಾಗಿನ ಮಂದಿ ಮುಂದ ಹೊಡೀತೇನಿ. ಅವ್ವಾರೂ ಬರಲಿ."

"ಅವ್ವ ಯಾಕಲೇ?"

"ರೈಫಲ್ಲಿಗಿ ಅವರು ಅವ್ವ ಇದ್ದಂಗರಿ. ಅವರೂ ನೋಡಲಿ."

ಮರುದಿನ ಮುಂಜಾನೆ ಒಡ್ಡಿನ ಹತ್ತಿರ ಅರ್ಧ ಊರೇ ನೆರೆದಿತ್ತು. ಕಸ್ತೂರಿಬಾಯಿ ಗಾಡಿಯಲ್ಲಿ ಬಂದು ಬೇವಿನ ನೆರಳಿಗೆ ಕುಳಿತರು. ಹುಲೆಪ್ಪ ಮೊದಲು ಅಣ್ಣಾರಾಯನ ಮುಂದೆ ಹೋಗಿ ಬಾಯಿ ಅಗಲಿಸಿ ಉಸಿರು ಬಿಟ್ಟ. "ಮೂಸಿ ನೋಡ್ರಿ, ಸೆರಿ ವಾಸನಿ ಬರತದೇನು?" ಮಂದಿ ನಕ್ಕರು. ಅಣ್ಣಾರಾಯ ಮುಖ ತಿರುಗಿಸಿ, "ಉಳ್ಳಾಗಡ್ಡಿ ವಾಸನಿ ಬರ್ತದ" ಎಂದ.

ಹುಲೆಪ್ಪ ಮಣ್ಣಿನ ಮೇಲೆ ಮಲಗಿ, ಮುಚ್ಚಳದ ನಡುವಿಗೆ ಗುರಿಯಿಟ್ಟು, ಅವಸರವಿಲ್ಲದೆ ಮೂರು ಗುಂಡು ಹಾರಿಸಿದ. ಮುಚ್ಚಳ ಅಲುಗಲಿಲ್ಲ. ಗುಂಪಿನಲ್ಲಿ ಗುಸುಗುಸು ಎದ್ದಿತು. ದೌಲತರಾಯರು ಬೇಸರದಿಂದ ತಲೆ ಅಲ್ಲಾಡಿಸಿದರು.

"ಹಲಗಿ ನೋಡ್ರಿ ಗೌಡ್ರ," ಎಂದ ಹುಲೆಪ್ಪ.

ಎಲ್ಲರೂ ಹೋಗಿ ನೋಡಿದರು. ಮುಚ್ಚಳದಿಂದ ಬಲಕ್ಕೆ ಸರಿಯಾಗಿ ಒಂದು ಗೇಣು ಆಚೆ ಮೂರು ತೂತು. ಮೂರನ್ನೂ ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು. ಹುಲೆಪ್ಪ ಮುಚ್ಚಿ ತೋರಿಸಿದ.

"ಕುಡದವನ ಕೈ ಮೂರು ಸಲ ಒಂದೇ ತಪ್ಪು ಮಾಡತದೇನ್ರಿ? ಕುಡದವ ಒಂದು ಹೊಳಿಗಿ ಹೊಡೀತಾನ, ಒಂದು ಬೇವಿನ ಗಿಡಕ್ಕ. ಕೈ ಖರೇ ಇದ್ದರನೇ ಹಿಂಗ ಬೀಳ್ತಾವ. ರೈಫಲ್ಲೂ ಖರೇ ಇದ್ದರನೇ ಹಿಂಗ ಬೀಳ್ತಾವ. ನಡುವ ಯಾವುದೋ ದೂಡಾಕತ್ತದ. ಅದನ್ನ ನಾ ಹೇಳಂಗಿಲ್ಲ. ನೀವೇ ತಗದು ನೋಡ್ರಿ."

ದೌಲತರಾಯರು ಕನ್ನಡಕ ಏರಿಸಿಕೊಂಡು ಆ ತೂತುಗಳನ್ನು ಬಹಳ ಹೊತ್ತು ನೋಡಿದರು. ಲೆಕ್ಕ ಅವರಿಗೆ ತಿಳಿಯಿತು. ರೈಫಲ್ಲನ್ನು ಖಾಲಿ ಮಾಡಿಸಿ ಬೇವಿನ ಕೆಳಗೆ ಒಯ್ದು, ತಾಯಿಯ ಮುಂದೆಯೇ ಕಂಬಳಿ ಹಾಸಿ, ಹುಲೆಪ್ಪ ತೋರಿಸಿದಂತೆ ತಾವೇ ಕೆಳಗಿನ ಸ್ಕ್ರೂಗಳನ್ನು ಬಿಚ್ಚಿದರು. ಕಟ್ಟಿಗೆ ಬಿಗಿ ಹಿಡಿದಿತ್ತು. ಒಂದು ಜಗ್ಗು ಜಗ್ಗಿದಾಗ ಟಪ್ಪೆಂದು ಬಿಟ್ಟುಕೊಂಡಿತು. ಒಳಗಿನ ಗಾಳಿಯಲ್ಲಿ ಹಳಸಿದ ಮೊಸರಿನ ವಾಸನೆ ಮುಖಕ್ಕೆ ಹೊಡೆಯಿತು. ನಳಿಕೆ ಕೂರುವ ತೋಡಿನಲ್ಲಿ, ಎಡಮಗ್ಗುಲಿಗೆ, ಹಾಲು ಸಕ್ಕರೆ ವಿಭೂತಿ ಕೂಡಿ ಗಾರೆಯಂತೆ ಗಟ್ಟಿಯಾಗಿತ್ತು. ಕೆಂಪಿರುವೆಗಳು ಸಾಲು ಕಟ್ಟಿ ಹೊರಬಂದವು. ಆ ಗಾರೆಯ ನಡುವೆ ಮೂರೆಳೆಯ ಒಂದು ಬಿಲ್ವಪತ್ರೆ, ಇಡಿಯಾಗಿ, ಒಣಗಿ ಅಂಟಿಕೊಂಡಿತ್ತು.

ಹುಲೆಪ್ಪ ನೆಲ ನೋಡುತ್ತ ನಿಂತಿದ್ದ. ಬಿಲ್ವಪತ್ರೆ ಬಂದೂಕಿನೊಳಗೆ ಹೇಗೆ ಬಂತು ಎಂದು ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ದೌಲತರಾಯರು ತಾಯಿಯ ಮುಖ ನೋಡಲೂ ಆಗದೆ, ಆ ಎಲೆಯನ್ನು ಮುಚ್ಚಿಡಲೂ ಆಗದೆ ಕುಳಿತಿದ್ದರು.

ಕಸ್ತೂರಿಬಾಯಿ ಬಾಗಿ ಆ ಎಲೆಯನ್ನು ಬೆರಳಿನಿಂದ ಬಿಡಿಸಿ ಕಣ್ಣಿಗೊತ್ತಿಕೊಂಡರು. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು.

"ಇದು ನನ್ನ ಕೈಲಿಂದ ಆಗ್ಯದ. ಹುಲೆಪ್ಪ ಕುಡದಿಲ್ಲ. ಬಂದೂಕ ಕುಡದದ. ಕುಡಿಸ್ದಾಕಿ ನಾ." ಅಣ್ಣಾರಾಯನ ಕಡೆ ತಿರುಗಿದರು. "ನಿನ್ನ ಪೈಪು ನಾ ಹಾಕಿಸಿ ಕೊಡ್ತೇನಿ. ಗೌರಾಬಾಯಿಗಿ ನಾನೇ ಬಂದು ಕೈ ಮುಗೀತೇನಿ. ಇವನ ಮ್ಯಾಲ ಇನ್ನೊಂದು ಮಾತು ಆಡಬ್ಯಾಡ."

ಭಲೇ ಮುದುಕಿ! ಗಂಡಸರಾಗಿದ್ದರೆ ಹತ್ತು ಸುತ್ತು ಬಳಸಿ ಮಾತಾಡಿರುತ್ತಿದ್ದರು. ಆಕೆ ಮೂರು ಮಾತಿನಲ್ಲಿ ಮುಗಿಸಿ ಗಾಡಿ ಹತ್ತಿದರು.

ಹುಲೆಪ್ಪ ಆ ಗಾರೆಯನ್ನು ಗಾಜಿನ ಚೂರಿನಿಂದ ಕೆರೆದು ತೆಗೆದ. ಕಟ್ಟಿಗೆಯನ್ನು ಬಿಸಿಲಿಗೆ ಹಿಡಿಯದೆ ನೆರಳಿನಲ್ಲಿ ಎಂಟು ದಿನ ಒಣಗಿಸಿದ. ಗಾಣದ ಅಗಸಿ ಎಣ್ಣೆ ತಂದು ಒಳಗೂ ಹೊರಗೂ ಕುಡಿಯುವಷ್ಟು ತಿಕ್ಕಿದ. ಕೂಡಿಸಿದ ಮೇಲೆ ಬೀಡಿ ಕಟ್ಟಿನ ಕಾಗದ ತುದಿಯಿಂದ ಹಿಂದಕ್ಕೆ ಸರ್ರನೆ ಓಡಿತು. ಅಮಾವಾಸ್ಯೆಯ ಹಿಂದಿನ ದಿನ ಅದೇ ಹಲಗೆ, ಅದೇ ನೂರು ಹೆಜ್ಜೆ. ಮೂರು ಗುಂಡೂ ಮುಚ್ಚಳದ ನಡುವೆ ಬಿದ್ದವು. ದೌಲತರಾಯರು ಆ ಮುಚ್ಚಳ ಕಿತ್ತುಕೊಂಡು ಮನೆಗೆ ಒಯ್ದು ಲೈಸೆನ್ಸ್ ಪುಸ್ತಕ ಇಡುವ ಪೆಟ್ಟಿಗೆಯಲ್ಲೇ ಇಟ್ಟರು. ಅರ್ಜಿಯ ಮಾತು ಅಲ್ಲಿಗೇ ಮುಗಿಯಿತು. ಮುಂದೆ ತೊಂಬತ್ತರ ದಶಕದಲ್ಲಿ ಪುಸ್ತಕ ಹರಿದು ಹೊಸದು ಬಂದಾಗಲೂ ಆ ಹೆಸರು ಹೊಸ ಪುಟಕ್ಕೆ ಹಾಗೇ ನಡೆದು ಬಂತು.

ಆದರೆ ಹುಲೆಪ್ಪ ತನ್ನ ಜೀವಮಾನದಲ್ಲಿ ಹೇಳಿ ಹೇಳಿ ದಣಿಯದಿದ್ದದ್ದು ಮುಚ್ಚಳದ ಮಾತಲ್ಲ, ಮರುವರ್ಷದ ಖಂಡೆ ಪೂಜೆಯ ಮಾತು.

ಆ ವರ್ಷ ಘಟ್ಟ ಹಾಕಿದ ದಿನ ರೈಫಲ್ ಒಳಗೆ ಹೋಗಲಿಲ್ಲ. ಖಂಡೆ ಪೂಜೆಯ ಮುಂಜಾನೆ ಹುಲೆಪ್ಪನಿಗೆ ಕರೆ ಬಂತು. ಹೋಗಿ ನೋಡಿದರೆ ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಆರತಿ ತಟ್ಟೆ, ಹೂವು, ಹಾಲಿನ ತಂಬಿಗೆ ಎಲ್ಲ ಹೊಸ್ತಿಲು ದಾಟಿ ಹೊರಗೆ ಬಂದು ಕುಳಿತಿದ್ದವು. ಗೌಡರು, ತಮ್ಮಂದಿರು, ಅಳಿಯಂದಿರು ಸುತ್ತ ನಿಂತಿದ್ದರು. ಕಸ್ತೂರಿಬಾಯಿ ಅವನಿಗಾಗಿ ಕಾಯುತ್ತಿದ್ದರು.

"ಒಳಗ ಒಯ್ದರ ನಿನಗ ಕಾಣಂಗಿಲ್ಲ, ನಿನಗ ಕಾಣದಿದ್ದರ ನನಗ ತಿಳಿಯಂಗಿಲ್ಲ," ಎಂದರು. "ಹಿಡಕೊಂಡು ನಿಂದ್ರು. ಎಷ್ಟು ಸಾಕು ಅನ್ನೋದು ನೀನೇ ಹೇಳಬೇಕು."

ಹುಲೆಪ್ಪ ರೈಫಲ್ಲನ್ನು ಎರಡೂ ಅಂಗೈ ಮೇಲೆ ಹಿಡಿದು ನಿಂತ. ಮುದುಕಿ ಕಟ್ಟಿಗೆಯ ಮೇಲೆ ಮೂರು ಬೆರಳು ವಿಭೂತಿ ಎಳೆದರು. ಒಂದು ಹೂವಿಟ್ಟರು. ಆಮೇಲೆ, ಅಭ್ಯಾಸದ ಕೈ ನೋಡಿ, ತಂಬಿಗೆಗೆ ಹೋಯಿತು. ತಂಬಿಗೆ ಎದ್ದಿತು, ನಳಿಕೆಯ ಮೇಲೆ ಬಂದು ಬಾಗತೊಡಗಿತು. ಗೌಡರು ನೋಡಿದರು, ಬಾಯಿ ಬಿಡಲಿಲ್ಲ. ತಮ್ಮಂದಿರು ಬಿಡಲಿಲ್ಲ. ಆ ಮನೆಯಲ್ಲಿ ಆಕೆಯ ಕೈಯನ್ನು ಇದುವರೆಗೆ ಯಾರೂ ತಡೆದಿರಲಿಲ್ಲ.

"ಸಾಕ್ರಿ ಅವ್ವಾರ," ಎಂದ ಹುಲೆಪ್ಪ. "ಇಷ್ಟಕ್ಕ ಸಾಕು."

ಕಸ್ತೂರಿಬಾಯಿಯ ಕೈ ನಿಂತಿತು. ತಂಬಿಗೆಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಹೂಂ, ಸಾಕು" ಎಂದರು.